ಒಂದೇ ಕೋಣೆ, ಮೂರು ತರಗತಿ, ಆರು ದಿನ

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಶಾಲೆಯ ಬೀಗ ಇನ್ನೂ ತೆಗೆದಿಲ್ಲ. ಜಗುಲಿಯ ಮೇಲೆ ಆಗಲೇ ಏಳೆಂಟು ಚೀಲಗಳು ಸಾಲಾಗಿ ಕೂತಿವೆ, ಚೀಲದ ಒಡೆಯರು ಹೊಂಗೆ ಮರದ ಕೆಳಗೆ ಕುಂಟಾಬಿಲ್ಲೆ ಆಡುತ್ತಿದ್ದಾರೆ. ಮಿಸ್ ಗೇಟಿನ ಬಳಿ ಕಂಡದ್ದೇ ತಡ, ಆಟ ಅಲ್ಲೇ ಬಿಟ್ಟು ಎಲ್ಲರೂ ಓಡಿಬರುತ್ತಾರೆ. ಹತ್ತು ಬಾಯಿ ಒಟ್ಟಿಗೆ ಮಾತಾಡುತ್ತವೆ. "ಮಿಸ್, ನಮ್ಮನೆ ಹಸ ಕರು ಹಾಕ್ತು." "ಮಿಸ್, ನೆನ್ನೆ ನಮ್ಮಪ್ಪ ಪ್ಯಾಟೆಯಿಂದ ಹೊಸ ಚಪ್ಪಲಿ ತಂದ್ರು." "ಮಿಸ್, ಇವ್ನು ನನ್ ಬಳಪ ತಿಂದ್ಬಿಟ್ಟ."

ಬಳಪ ತಿಂದವನು ಬಾಯಿ ಒರೆಸಿಕೊಂಡು ಸುಮ್ಮನೆ ನಿಂತಿದ್ದಾನೆ. ತುಟಿಯ ಅಂಚಿನಲ್ಲಿ ಬಿಳಿ ಪುಡಿ ಇನ್ನೂ ಇದೆ.

ಮೈಸೂರು ಸೀಮೆಯ ಯಾವುದೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ವಾರ ಹೆಚ್ಚುಕಮ್ಮಿ ಹೀಗೇ ಶುರುವಾಗುತ್ತದೆ. ಉತ್ತರ ಕರ್ನಾಟಕದಲ್ಲಿ 'ಮಿಸ್' ಬದಲು 'ಅಕ್ಕೋರು' ಎನ್ನುತ್ತಾರೆ, ದೂರುಗಳು ಅವೇ. ಇಂಥ ಶಾಲೆಗಳ ಮುಂದೆ ನಾವು ದಿನವೂ ಓಡಾಡುತ್ತೇವೆ. ಗೋಡೆಯ ಮೇಲಿನ 'ನಲಿ-ಕಲಿ' ಎಂಬ ಬರಹ ಕಣ್ಣಿಗೆ ಬೀಳುತ್ತದೆ. ಒಳಗೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲೆತು ಕೂತಿರುವುದೂ ಕಾಣುತ್ತದೆ. ಮೇಷ್ಟ್ರ ಸಂಖ್ಯೆ ಸಾಲದ್ದಕ್ಕೆ ಹೀಗೆ ಗುಡ್ಡೆ ಹಾಕಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತೇವೆ. ಆ ಮಾತು ಅರ್ಧ ನಿಜ. ಉಳಿದ ಅರ್ಧ ತಿಳಿಯಬೇಕಾದರೆ ಒಳಗೆ ಹೋಗಿ ಒಂದು ವಾರ ಕೂರಬೇಕು.

ತನ್ನ ಹಾಜರಿ ತಾನೇ

ಅಂಗಳದಲ್ಲಿ ಪ್ರಾರ್ಥನೆ, ನಾಡಗೀತೆ, 2023ರಿಂದೀಚೆಗೆ ಸಂವಿಧಾನದ ಪೀಠಿಕೆ. 'ಸಾರ್ವಭೌಮ' ಎಂಬಲ್ಲಿ ಒಂದನೇ ತರಗತಿಯ ನಾಲಿಗೆಗಳು ಪ್ರತಿದಿನ ಎಡವುತ್ತವೆ. ಮೂರನೆಯವರು ಮಾತ್ರ ಹುಟ್ಟಾ ವಕೀಲರಂತೆ ಹೇಳಿ ಮುಗಿಸುತ್ತಾರೆ.

ಕೋಣೆಗೆ ಬಂದ ಮಗು ಮೊದಲು ಗೋಡೆಯ ಬಳಿ ಹೋಗುತ್ತದೆ. ಅಲ್ಲಿ ಎಲ್ಲರ ಹೆಸರಿರುವ ಪಟ್ಟಿ ಇದೆ. ತನ್ನ ಹೆಸರನ್ನು ತಾನೇ ಹುಡುಕಿ ಗುರುತು ಹಾಕಬೇಕು. ಓದಲು ಬಾರದ ಮಗು ತನ್ನ ಹೆಸರನ್ನು ಹುಡುಕುವುದು ಹೇಗೆ? ಮೊದಲ ವಾರ ಅಕ್ಕನೋ ಪಕ್ಕದ ಮನೆಯ ಹುಡುಗನೋ ತೋರಿಸಿಕೊಡುತ್ತಾರೆ. ಎರಡನೇ ವಾರ 'ಮೇಲಿಂದ ಐದನೆಯದು' ಎಂದು ಲೆಕ್ಕವಿಡುತ್ತದೆ. ಒಂದು ತಿಂಗಳಾಗುವಷ್ಟರಲ್ಲಿ ಹೆಸರಿನ ಆಕಾರವೇ ಮನಸ್ಸಿನಲ್ಲಿ ಕೂತಿರುತ್ತದೆ. ಅನೇಕ ಮಕ್ಕಳು ಬದುಕಿನಲ್ಲಿ ಓದುವ ಮೊದಲ ಪದ ತಮ್ಮದೇ ಹೆಸರು.

ಪಕ್ಕದಲ್ಲಿ ಹವಾಮಾನದ ನಕ್ಷೆ. ಬಿಸಿಲು, ಮೋಡ, ಮಳೆ ಇವುಗಳಲ್ಲಿ ಇಂದಿನದನ್ನು ಆರಿಸುವುದು ದಿನಕ್ಕೊಬ್ಬರ ಪಾಳಿ. ಹೊರಗೆ ಜಿನುಗುತ್ತಿದ್ದರೂ ಒಬ್ಬಳು ಬಿಸಿಲಿನ ಚಿತ್ರಕ್ಕೇ ಗುರುತು ಹಾಕುತ್ತಾಳೆ. ಅವಳಮ್ಮ ಬೆಳಿಗ್ಗೆ ಮೆಣಸಿನಕಾಯಿ ಒಣಹಾಕಿದ್ದಾರಂತೆ. ಅರ್ಧ ಕೋಣೆ ಅವಳ ಪರ, ಅರ್ಧ ಕೋಣೆ ವಿರುದ್ಧ. ಪರಿಸರ ಅಧ್ಯಯನ ಶುರುವಾಗಿಹೋಯಿತು.

ತಲೆಯ ಮೇಲೆ ದಾರಗಳ ಒಂದು ಚಪ್ಪರವಿದೆ. ಮಕ್ಕಳು ಬರೆದದ್ದು, ಬಿಡಿಸಿದ್ದು, ಕತ್ತರಿಸಿ ಅಂಟಿಸಿದ್ದು ಅಲ್ಲಿ ತೂಗಾಡುತ್ತಿರುತ್ತವೆ. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಸರಿಯಾಗಿ ಕಪ್ಪುಹಲಗೆಯ ಪಟ್ಟಿ. ದೊಡ್ಡವರು ಅದರಲ್ಲಿ ಬರೆಯಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು.

ಅ ಆ ಇ ಈ ಎಲ್ಲಿ ಹೋಯಿತು?

ಈ ಕೋಣೆಯ ಬಗ್ಗೆ ಊರಲ್ಲಿ ಕೇಳಿಬರುವ ದೊಡ್ಡ ದೂರು ಇದು. ಸಂಜೆ ಅಜ್ಜಿ ಮೊಮ್ಮಗಳನ್ನು ಕೂರಿಸಿಕೊಂಡು "ಎಲ್ಲಿ, ಅ ಆ ಇ ಈ ಹೇಳವ್ವ" ಅಂದರೆ ಅವಳು "ರ ಗ ಸ ದ ಅ" ಅನ್ನುತ್ತಾಳೆ. ಅಜ್ಜಿಗೆ ಗಾಬರಿ. ಎರಡು ತಿಂಗಳಾದರೂ 'ಅ' ಒಂದೇ ಬಂದಿದೆ, ಅದೂ ಕೊನೆಯಲ್ಲಿ!

ನಲಿ-ಕಲಿ ಎಂಬ ಈ ಪದ್ಧತಿಯಲ್ಲಿ ಮಗು ಮೊದಲು ಕಲಿಯುವ ಅಕ್ಷರಗಳು ಈ ಐದೇ. ನಮ್ಮ ವರ್ಣಮಾಲೆಯನ್ನು ಜೋಡಿಸಿದವರು ಧ್ವನಿ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬ ಲೆಕ್ಕದಲ್ಲಿ ಜೋಡಿಸಿದರು. ಗಂಟಲಿನ ಕ-ವರ್ಗದಿಂದ ತುಟಿಯ ಪ-ವರ್ಗದವರೆಗೆ ಅದು ಅಚ್ಚುಕಟ್ಟು. ಆದರೆ ಆ ಸೊಗಸು ಅರ್ಥವಾಗುವುದು ಭಾಷೆ ಬಲ್ಲವರಿಗೆ. ಆರು ವರ್ಷದ ಮಗುವಿಗೆ 'ಅ ಆ ಇ ಈ ಉ ಊ ಋ' ಎಂದು ಕಲಿಸಿದರೆ ಏಳು ಅಕ್ಷರ ಬಂದಿರುತ್ತವೆ, ಅವಷ್ಟರಿಂದಲೇ ಓದಬಹುದಾದ ಪದ ಹುಡುಕಿದರೂ ಸಿಗುವುದು ಕಷ್ಟ.

ಈಗ ರ, ಗ, ಸ, ದ, ಅ ತೆಗೆದುಕೊಳ್ಳಿ. ಸರ. ರಸ. ದರ. ಅರಸ. ಅಗಸ. ಗರಗಸ. ಸರಸರ. ಗರಗರ. ತಲೆಕಟ್ಟು ಬಿಟ್ಟರೆ ಬೇರೆ ಗುಣಿತದ ಗೊಡವೆ ಇಲ್ಲ, ಒತ್ತಕ್ಷರದ ಕಾಟ ಇಲ್ಲ, ದುಂಡನೆಯ ಅಕ್ಷರಗಳಾದ್ದರಿಂದ ಕೈಯೂ ಬೇಗ ತಿರುಗುತ್ತದೆ. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು 'ಗರಗಸ' ಎಂದು ನಿಜವಾಗಿ ಓದುತ್ತದೆ, ಬಾಯಿಪಾಠ ಒಪ್ಪಿಸುವುದಿಲ್ಲ. ಮುಂದಿನ ಮೈಲಿಗಲ್ಲಿನಲ್ಲಿ ಜ, ವ, ಮ, ಬ, ನ ಸೇರಿದಾಗ ವನ, ಮರ, ಜನ, ನಗ, ಬರ ಎಲ್ಲವೂ ಕೈಗೆ ಬರುತ್ತವೆ. ವರ್ಣಮಾಲೆಯ ಸಾಲು ಆಮೇಲೆ ಬರುತ್ತದೆ. ನಿಘಂಟು ನೋಡಲು ಅದು ಬೇಕೇ ಬೇಕು. ಆದರೆ ಆರನೇ ವಯಸ್ಸಿನಲ್ಲಿ ನಿಘಂಟು ನೋಡುವವರು ಯಾರು?

ಮನೆಯ ಮಾತಿಗೂ ಪುಸ್ತಕದ ಮಾತಿಗೂ ನಡುವಿನ ಹಳ್ಳ ಮಾತ್ರ ಇಷ್ಟು ಸುಲಭಕ್ಕೆ ತುಂಬುವುದಿಲ್ಲ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಲು 'ಆಲು', ಹಕ್ಕಿ 'ಅಕ್ಕಿ'. ಮಿಸ್ 'ಹಕ್ಕಿ' ಬರೆಯಿರಿ ಎಂದರೆ ಸ್ಲೇಟುಗಳಲ್ಲಿ 'ಅಕ್ಕಿ' ಮೂಡುತ್ತದೆ. ಮಗು ತಪ್ಪು ಮಾಡಿಲ್ಲ, ಅವರವ್ವ ಹೇಳಿದಂತೆಯೇ ಬರೆದಿದೆ. ಒಳ್ಳೆಯ ಶಿಕ್ಷಕಿ ಇಲ್ಲಿ ಕೆಂಪು ಗೀಟು ಎಳೆಯುವುದಿಲ್ಲ. ಒಂದು ಹಕ್ಕಿಯನ್ನೂ ಒಂದು ಮೊರ ಅಕ್ಕಿಯನ್ನೂ ಅಕ್ಕಪಕ್ಕ ಬಿಡಿಸಿ "ಯಾವುದು ಹಾರ್ತದೆ?" ಎಂದು ಕೇಳುತ್ತಾಳೆ.

ಹೆಗ್ಗಡದೇವನಕೋಟೆಯಿಂದ

ಈ ಪದ್ಧತಿ ಹುಟ್ಟಿದ ಜಾಗವೂ ದೂರದ್ದಲ್ಲ. ಆಂಧ್ರದ ಮದನಪಲ್ಲಿ ಬಳಿ ಜಿಡ್ಡು ಕೃಷ್ಣಮೂರ್ತಿ ಅವರ ಚಿಂತನೆಯಿಂದ ಬೆಳೆದ ಋಷಿವ್ಯಾಲಿ ಶಾಲೆಯಿದೆ. ಸುತ್ತಲಿನ ಹಳ್ಳಿಗಳಲ್ಲಿ ಅದು ಸಣ್ಣ ಸಣ್ಣ ಶಾಲೆಗಳನ್ನು ನಡೆಸುತ್ತಿತ್ತು. ಒಬ್ಬರೇ ಶಿಕ್ಷಕರು, ಬೇರೆ ಬೇರೆ ವಯಸ್ಸಿನ ಮಕ್ಕಳು. ಅಲ್ಲಿನ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಪಾಠಪುಸ್ತಕವನ್ನು ಬಿಡಿಸಿ, ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಜೋಡಿಸಿದ ಕಾರ್ಡುಗಳಾಗಿ ಮಾಡಿದರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರ ಒಂದು ತಂಡ ಹೋಗಿ ಅದನ್ನು ನೋಡಿತು. ಯುನಿಸೆಫ್ ನೆರವಾಯಿತು. ಬಂದವರೇ ಕೂತು ಕನ್ನಡಕ್ಕೆ, ತಮ್ಮ ಊರಿಗೆ ಒಗ್ಗುವ ಕಾರ್ಡುಗಳನ್ನು ಬರೆದರು. ಅದಕ್ಕೆ ಇಟ್ಟ ಹೆಸರು ನಲಿ-ಕಲಿ.

ಕಾಡಂಚಿನ ಆ ತಾಲ್ಲೂಕಿನಲ್ಲಿ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಿವೆ. ಅಲ್ಲಿನ ಮಕ್ಕಳ ಮನೆಮಾತೇ ಬೇರೆ. ಜೇನಿನ ಕಾಲ ಬಂದರೆ, ಕೊಡಗಿನ ತೋಟಗಳಲ್ಲಿ ಕೆಲಸ ಸಿಕ್ಕಿದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಡುತ್ತಾರೆ. ಎರಡು ವಾರ ಬಿಟ್ಟು ಬಂದ ಮಗುವಿಗೆ ಹಳೆಯ ಪದ್ಧತಿಯಲ್ಲಿ ಪಾಠ ಮುಂದೆ ಹೋಗಿಬಿಟ್ಟಿರುತ್ತಿತ್ತು. ನಾಚಿಕೆಗೆ ಶಾಲೆಯನ್ನೇ ಬಿಡುತ್ತಿತ್ತು. ಏಣಿಯಲ್ಲಿ ಹಾಗಿಲ್ಲ. ನಿಂತ ಮೆಟ್ಟಿಲು ಅಲ್ಲೇ ಕಾದಿರುತ್ತದೆ.

2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೆ, ಮರುವರ್ಷ ಮೂರನೆಯದಕ್ಕೂ ನಲಿ-ಕಲಿ ಬಂತು. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ಹೊಲಿದ ಅಂಗಿ ಇಡೀ ರಾಜ್ಯಕ್ಕೆ ಒಂದೇ ಅಳತೆಯಲ್ಲಿ ಹಂಚಿಕೆಯಾಯಿತು. ಕೆಲವು ಕಡೆ ಸರಿಹೋಯಿತು, ಕೆಲವು ಕಡೆ ಸಡಿಲವಾಯಿತು. ತಾವೇ ಬರೆದ ಕಾರ್ಡಿನ ಮೇಲೆ ಇದ್ದ ಪ್ರೀತಿ ಲಾರಿಯಲ್ಲಿ ಬಂದಿಳಿದ ಕಾರ್ಡಿನ ಮೇಲೆ ಎಲ್ಲರಿಗೂ ಹುಟ್ಟಲಿಲ್ಲ.

ಐದು ತಟ್ಟೆ, ಎಂಟು ನಿಮಿಷ

ಈಗ ಕೋಣೆಯ ನಡುಭಾಗ. ಮಕ್ಕಳು ಐದು ಗುಂಪುಗಳಾಗಿ ಕೂತಿದ್ದಾರೆ. ಗುಂಪನ್ನು 'ತಟ್ಟೆ' ಎನ್ನುವುದು ರೂಢಿ. ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದರಲ್ಲಿ ಭಾಗಶಃ. ಮೂರನೆಯದು ಗೆಳೆಯರ ಸಹಾಯದ್ದು, ನಾಲ್ಕನೆಯದರಲ್ಲಿ ಆ ಸಹಾಯವೂ ಅಷ್ಟಕ್ಕಷ್ಟೆ. ಐದನೆಯದರಲ್ಲಿ ಮಗು ತನ್ನಷ್ಟಕ್ಕೆ ತಾನು. ಹೊಸ ವಿಷಯ ಮೊದಲ ತಟ್ಟೆಯಲ್ಲಿ ಆರಂಭವಾಗಿ, ಅಭ್ಯಾಸವಾದಂತೆ ಮಗು ತಟ್ಟೆಯಿಂದ ತಟ್ಟೆಗೆ ಹೋಗುತ್ತದೆ. ಯಾವ ಕಾರ್ಡು ಯಾವ ತಟ್ಟೆಯಲ್ಲಿ ಮಾಡಬೇಕು ಎಂಬುದನ್ನು ಗೋಡೆಯ ಮೇಲಿನ ಕಲಿಕಾ ಏಣಿ ಚಿತ್ರಗಳಲ್ಲೇ ಹೇಳುತ್ತದೆ. ಹಾಗಾಗಿ "ಮಿಸ್, ನಂದು ಆಯ್ತು, ಮುಂದೇನು?" ಎಂಬ ಪ್ರಶ್ನೆಗೆ ಉತ್ತರ ಮಿಸ್ ಬಳಿ ಕೇಳಬೇಕಿಲ್ಲ. ಎದ್ದುಹೋಗಿ ಏಣಿ ನೋಡಿ, ಕಾರ್ಡು ತಂದುಕೊಂಡರಾಯಿತು. ಹೊಸಬರಿಗೆ ಈ ಓಡಾಟ ಗಲಾಟೆಯಂತೆ ಕಾಣುತ್ತದೆ.

ಒಂದೇ ತಟ್ಟೆಯಲ್ಲಿ ಒಂದನೇ ತರಗತಿಯ ಚುರುಕು ಹುಡುಗಿ ಮತ್ತು ಎರಡನೇ ತರಗತಿಯ ನಿಧಾನಿ ಹುಡುಗ ಜೊತೆಯಾಗಬಹುದು. ಕಳೆಯುವ ಲೆಕ್ಕವನ್ನು ಅವಳು ಅವನಿಗೆ ಹೇಳಿಕೊಡುತ್ತಾಳೆ. ಹತ್ತು ಕಡ್ಡಿಯ ಕಟ್ಟು ಬಿಚ್ಚಿ "ನೋಡು, ಮೂರ್ರಲ್ಲಿ ಏಳು ಹೋಗಲ್ಲ ಅಲ್ವಾ? ಈ ಕಟ್ಟು ಬಿಚ್ಚು. ಈಗ ಹೋಗ್ತದೆ" ಎನ್ನುವ ಅವಳ ವಿವರಣೆ ಎಷ್ಟೋ ಸಲ ದೊಡ್ಡವರದಕ್ಕಿಂತ ಚೊಕ್ಕವಾಗಿರುತ್ತದೆ. ಅವಳು ಅದನ್ನು ಅರ್ಥ ಮಾಡಿಕೊಂಡದ್ದು ಹೋದ ವಾರ ತಾನೆ.

ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ವಿಷಯಕ್ಕೆ ಸುಮಾರು 80 ನಿಮಿಷದ ಅವಧಿ. ಕೋಣೆಯಲ್ಲಿ 25 ಮಕ್ಕಳು, ಮೊದಲ ತಟ್ಟೆಯಲ್ಲಿ ಐವರು. ಅವಧಿಯ ಅರ್ಧವನ್ನು ಶಿಕ್ಷಕಿ ಆ ಐವರ ಜೊತೆ ಕಳೆದರೆ ತಲಾ ಎಂಟು ನಿಮಿಷ. ಉಳಿದ ಅರ್ಧ ಇನ್ನುಳಿದ 20 ಮಕ್ಕಳ ಮೇಲೆ ಕಣ್ಣಾಡಿಸಲು, ತಲಾ ಎರಡು ನಿಮಿಷ. ಇಡೀ ಪದ್ಧತಿ ನಿಂತಿರುವುದು ಆ ಎಂಟು ನಿಮಿಷಗಳ ಮೇಲೆ. ಗೆಳೆಯರು ಅಭ್ಯಾಸ ಮಾಡಿಸಬಲ್ಲರು. ಹೊಸ ಅಕ್ಷರದ ಮುಂದೆ ಮಗು ಯಾಕೆ ತಡವರಿಸುತ್ತಿದೆ ಎಂದು ಕಂಡುಹಿಡಿಯುವುದು ಕಲಿಸಿ ಪಳಗಿದ ಕಣ್ಣಿಗೆ ಮಾತ್ರ ಸಾಧ್ಯ. ವಾರದಲ್ಲಿ ಆ ಎಂಟು ನಿಮಿಷಕ್ಕೆ ಏನೇನಾಗುತ್ತದೆ ಎಂಬುದೇ ಈ ಕೋಣೆಯ ನಿಜವಾದ ಕಥೆ.

ಹಾಲು, ಮಾಲ್ಟ್, ಮೊಟ್ಟೆ

ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಆರಂಭವಾದದ್ದು 2013ರ ಆಗಸ್ಟ್ 1ರಂದು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಅದರಿಂದ 150 ಮಿಲಿಲೀಟರ್ ಹಾಲು. ಮೊದಲು ವಾರಕ್ಕೆ ಮೂರು ದಿನವಿತ್ತು, ಆಮೇಲೆ ಐದು ದಿನವಾಯಿತು. 2024ರ ಫೆಬ್ರುವರಿಯಲ್ಲಿ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸತೊಡಗಿದರು. ಬಿಳಿ ಹಾಲಿಗೆ ಮೂಗು ಮುರಿಯುವ ಮಕ್ಕಳೂ ಮಾಲ್ಟಿನ ದಿನ ಲೋಟ ಬಳಿದು ಕುಡಿಯುತ್ತಾರೆ. ಪುಡಿ ಗಂಟು ಕಟ್ಟದಂತೆ ಕಲಸುವುದು ಅಡುಗೆಯ ಅಕ್ಕನ ಕೈಚಳಕ. ಗಂಟು ಸಿಕ್ಕ ಮಗುವಿಗೆ ಅದೇ ಹಬ್ಬ.

ಮಧ್ಯಾಹ್ನದ ಬಿಸಿಯೂಟ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮುಂದಿನ ವರ್ಷ ರಾಜ್ಯಕ್ಕೆಲ್ಲ ಹಬ್ಬಿತು. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಊಟದಲ್ಲಿ ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್ ಇರಬೇಕೆಂಬುದು ನಿಯಮ. ಮೊಟ್ಟೆ ಬಂದದ್ದು ತಡವಾಗಿ, ಅದೂ ಬೇಕಾದಷ್ಟು ಜಗಳದ ನಂತರ. ವಾರಕ್ಕೆ ಎರಡು ದಿನವಿದ್ದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ಆರು ದಿನವಾಯಿತು. ಬೇಡವೆಂದವರಿಗೆ ಬಾಳೆಹಣ್ಣು. ಮನೆಯಲ್ಲಿ ಮೊಟ್ಟೆ ತಿನ್ನದ ಹುಡುಗ ಬಾಳೆಹಣ್ಣಿನ ಸಾಲಲ್ಲಿ ನಿಂತು ಮೊಟ್ಟೆಯ ಸಾಲನ್ನೇ ನೋಡುವುದು, ಅರ್ಧ ಹಣ್ಣಿಗೆ ಅರ್ಧ ಮೊಟ್ಟೆಯ ಗುಟ್ಟಿನ ವ್ಯಾಪಾರ ನಡೆಯುವುದು ಮಿಸ್‌ಗೆ ಗೊತ್ತಿಲ್ಲ ಎಂದುಕೊಂಡರೆ ನಮ್ಮ ದಡ್ಡತನ.

ಬಳಪ ತಿಂದವನ ವಿಷಯಕ್ಕೆ ಬರೋಣ. ಬಳಪ, ಸುಣ್ಣ, ಮಣ್ಣು ತಿನ್ನುವ ಚಪಲಕ್ಕೂ ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇರುವುದಕ್ಕೂ ನಂಟಿದೆ ಎಂಬುದು ವೈದ್ಯರಿಗೆ ತಿಳಿದ ಸಂಗತಿ. ವಾರಕ್ಕೊಮ್ಮೆ ಶಾಲೆಯಲ್ಲಿ ಈ ವಯಸ್ಸಿನವರಿಗೆ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ. ಬಳಪ ಕದ್ದವನೆಂದು ಬೈಸಿಕೊಳ್ಳುವ ಹುಡುಗನಿಗೆ ಬೇಕಿರುವುದು ಬೈಗುಳವಂತೂ ಅಲ್ಲ.

ಇಷ್ಟೆಲ್ಲ ಒಳ್ಳೆಯದೇ. ಖಾಲಿ ಹೊಟ್ಟೆಯ ಮಗುವಿಗೆ ಗರಗಸವೂ ಒಂದೇ, ಅರಸನೂ ಒಂದೇ. ಆದರೆ ಎಷ್ಟು ಮಕ್ಕಳು ಹಾಲು ಕುಡಿದರು, ಎಷ್ಟು ಜನ ಮೊಟ್ಟೆ ತಿಂದರು, ಎಷ್ಟು ಜನ ಹಣ್ಣು, ಅಕ್ಕಿ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂದು ಪ್ರತಿದಿನ ಬರೆಯಬೇಕು, ಕಳಿಸಬೇಕು. ಎರಡೇ ಶಿಕ್ಷಕರಿರುವ ಶಾಲೆಯಲ್ಲಿ ಗುಮಾಸ್ತರಿಲ್ಲ, ಆ ಹೊತ್ತು ಹೋಗುವುದು ಆ ಎಂಟು ನಿಮಿಷದಿಂದಲೇ. ಮೊಟ್ಟೆಯ ಬೆಲೆ ಏರಿದ ವಾರ ಸರ್ಕಾರದ ದರಕ್ಕೂ ಅಂಗಡಿಯ ದರಕ್ಕೂ ನಡುವಿನ ವ್ಯತ್ಯಾಸ ಬೀಳುವುದು ಮುಖ್ಯ ಶಿಕ್ಷಕರ ಜೇಬಿನ ಮೇಲೆ.

ಸಂತೆಯ ದಿನ

ವಾರದ ನಡುವೆ ಒಂದು ದಿನ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ಊರಲ್ಲಿ ಸಂತೆ. ಅಮ್ಮ ಸಂತೆಗೆ ಹೋದರೆ ತಂಗಿಯನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಇನ್ನು ಕೆಲವರು ತಂಗಿಯನ್ನೂ ಸೊಂಟದ ಮೇಲೆ ಎತ್ತಿಕೊಂಡು ಶಾಲೆಗೇ ಬರುತ್ತಾರೆ. ಹಬ್ಬದ ಮಾರನೇ ದಿನವೂ ಹೀಗೇ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಗುಳೆ ಹೊರಟ ತಿಂಗಳುಗಳಲ್ಲಿ ಇದು ದಿನದ ಮಾತಲ್ಲ, ಅರ್ಧ ವರ್ಷದ ಮಾತು.

ವಿಚಿತ್ರವೆಂದರೆ ಸಂತೆಯ ದಿನ ಪಾಠ ಚೆನ್ನಾಗಿ ನಡೆಯುತ್ತದೆ. 25ರ ಬದಲು 14 ಮಕ್ಕಳು. ಅದೇ ಲೆಕ್ಕದಲ್ಲಿ ಎಂಟು ನಿಮಿಷ ಸುಮಾರು ಹದಿನಾಲ್ಕಾಗುತ್ತದೆ. ವಾರವಿಡೀ 'ದ' ಮತ್ತು 'ಧ' ನಡುವೆ ಒದ್ದಾಡುತ್ತಿದ್ದ ಹುಡುಗ ಅಂದು ಮಿಸ್ ಪಕ್ಕದಲ್ಲಿ ಕೂತು ದಾಟಿಕೊಂಡುಬಿಡುತ್ತಾನೆ.

ಮಿಸ್ ಎಲ್ಲಿ?

ಗುರುವಾರ ಮಿಸ್ ಇಲ್ಲ. ತರಬೇತಿ, ಸಭೆ, ಇಲ್ಲವೇ ಗಣತಿ. ನಾಲ್ಕು-ಐದನೇ ತರಗತಿಯ ಮೇಷ್ಟ್ರು ಎರಡೂ ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು ಆ ಕಡೆಗೊಂದು ಕಣ್ಣು, ಈ ಕಡೆಗೊಂದು ಕಣ್ಣು ಇಟ್ಟಿರುತ್ತಾರೆ. ಐದನೇ ತಟ್ಟೆಯ ಮಕ್ಕಳು ತಮ್ಮ ಪಾಡಿಗೆ ಮುಂದುವರಿಯುತ್ತಾರೆ. ಮೊದಲ ತಟ್ಟೆಯ ಐವರು ನಿನ್ನೆಯ ಮೆಟ್ಟಿಲಲ್ಲೇ ನಿಂತಿದ್ದಾರೆ.

ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಬಿಟ್ಟ ಆ ಮೂರೇ ಬಾಗಿಲುಗಳು ಸಾಕಷ್ಟು ಅಗಲವಾಗಿವೆ. 2025ರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ, ಅದು ಮುಗಿಯಲೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿದ್ದನ್ನು ಓದುಗರು ಮರೆತಿರಲಾರರು. ಸಮೀಕ್ಷೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಮನೆಮನೆಯ ಬಾಗಿಲು ಬಡಿಯುವ ಕೆಲಸ ಬಂದಾಗಲೆಲ್ಲ ಸರ್ಕಾರದ ಕಣ್ಣು ಮೊದಲು ಬೀಳುವುದು ಈ ಕೋಣೆಯ ಮೇಲೆ. ಇಲ್ಲಿ ಖಾಲಿಯಾದದ್ದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಹಾಲಿಗೆ ಲೆಕ್ಕವಿದೆ, ಮೊಟ್ಟೆಗೆ ಲೆಕ್ಕವಿದೆ, ಕಳೆದುಹೋದ ಎಂಟು ನಿಮಿಷಕ್ಕೆ ಲೆಕ್ಕವಿಲ್ಲ.

ನಲಿ-ಕಲಿ ಸರಿಯಿಲ್ಲ, ಮಕ್ಕಳಿಗೆ ಓದು ಬರುವುದಿಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಖಾಲಿ ಕುರ್ಚಿ. ಪದ್ಧತಿಯಲ್ಲಿ ಕೊರತೆಯೇ ಇಲ್ಲವೆಂದಲ್ಲ. ನಡುವಿನ ಒಂದು ಕಾರ್ಡು ಹರಿದರೆ ಏಣಿಯ ಮೆಟ್ಟಿಲೇ ಮುರಿದಂತೆ. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗು ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ದಪ್ಪ ಪಠ್ಯಪುಸ್ತಕ, ಸಾಲು ಬೆಂಚು, ಎಲ್ಲರಿಗೂ ಒಂದೇ ಪಾಠ ಎದುರಾಗಿ ಕಂಗಾಲಾಗುತ್ತದೆ. ಆ ಜಿಗಿತಕ್ಕೆ ಯಾರೂ ಸರಿಯಾದ ಹಲಗೆ ಹಾಕಿಲ್ಲ.

ಶನಿವಾರ

ಬೆಳಗಿನ ಶಾಲೆ. ಎಂಟು ಗಂಟೆಗೆಲ್ಲ ಅಂಗಳದಲ್ಲಿ ಸಾಮೂಹಿಕ ಕವಾಯತು. ಒಂದನೇ ತರಗತಿಯ ಅರ್ಧ ಜನ ಎಡಗೈಯನ್ನೂ ಉಳಿದರ್ಧ ಬಲಗೈಯನ್ನೂ ಎತ್ತುತ್ತಾರೆ. ತಿಂಗಳಿಗೊಂದು ಶನಿವಾರ ಚೀಲವಿಲ್ಲದ 'ಸಂಭ್ರಮ ಶನಿವಾರ'. ಅಂದು ಹಾಡು, ಚಿತ್ರ, ಊರ ಸುತ್ತಾಟ. 2019ರ ಸರ್ಕಾರಿ ಆದೇಶದಂತೆ ಒಂದು-ಎರಡನೇ ತರಗತಿಯ ಚೀಲದ ತೂಕ ಎರಡು ಕಿಲೋ ಮೀರಬಾರದು, ಮನೆಗೆಲಸ ಕೊಡಲೂಬಾರದು. ಈ ಕೋಣೆಯ ಮಟ್ಟಿಗೆ ಚೀಲ ಮೊದಲಿನಿಂದಲೂ ಹಗುರವೇ. ಸ್ಲೇಟು, ಅಭ್ಯಾಸ ಪುಸ್ತಕ, ಯಾವುದೋ ಗೋಲಿ, ಕೆಲವೊಮ್ಮೆ ಒಂದು ಸೀಬೆಕಾಯಿ.

ಹನ್ನೊಂದೂವರೆಗೆ ಗಂಟೆ ಬಾರಿಸಿದಾಗ ಮಕ್ಕಳು ಗೇಟು ದಾಟಿ ಆಗಿರುತ್ತದೆ. ಮಿಸ್ ಒಬ್ಬರೇ ಉಳಿದು ಪ್ರಗತಿ ನೋಟದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಈ ವಾರ ಹತ್ತಿದ ಮೆಟ್ಟಿಲನ್ನು ಗುರುತು ಮಾಡುತ್ತಾರೆ. ಒಬ್ಬಳು ನಾಲ್ಕು ಮೆಟ್ಟಿಲು ಹತ್ತಿದ್ದಾಳೆ. ಬಳಪ ತಿಂದವನು ಒಂದು. ಇಬ್ಬರದು ಕಳೆದ ಶನಿವಾರ ಎಲ್ಲಿತ್ತೋ ಅಲ್ಲೇ. ಈ ಪಟ್ಟಿ ಗುಟ್ಟಿನದಲ್ಲ. ಶಾಲೆಗೆ ಹೋದ ಯಾವ ತಂದೆ ತಾಯಿ ಬೇಕಾದರೂ ಕೇಳಿ ನೋಡಬಹುದು. ಕೇಳುವವರು ಕಡಿಮೆ.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ನಲಿ-ಕಲಿಯ ಮಗು ಇದ್ದರೆ ಭಾನುವಾರ ಹೇಗೂ ಬಿಡುವಿರುತ್ತದೆ. ಅ ಆ ಇ ಈ ಒಪ್ಪಿಸು ಎನ್ನಬೇಡಿ. ಒಂದು ಹಳೆಯ ಸ್ಲೇಟು ಕೊಟ್ಟು 'ಗರಗಸ' ಬರೆಯಲು ಹೇಳಿ. ಬರೆದು ಓದಿತಾದರೆ ಸೋಮವಾರ ಶಾಲೆಗೆ ಬಿಡುವಾಗ ಅದನ್ನು ಮಿಸ್‌ಗೂ ಒಂದು ಮಾತು ತಿಳಿಸಿ.